ಹದಿಮೂರರ ಮಗಳಿಗೆ ‘ಗುರಿ’ಯ ಪುಸ್ತಕ

ನಮಸ್ಕಾರ ಮೇಡಂ. ‘ಜೀವನದಲ್ಲಿ ಗುರಿ ಇರಬೇಕು’ ಅನ್ನೋ ಪುಸ್ತಕ ಕೊಟ್ಟರೆ ಮಗಳು ಎರಡೇ ಪುಟಕ್ಕೆ ಮುಚ್ಚಿಡುತ್ತಾಳೆ, ಬೇರೆ ಏನು ಕೊಡಲಿ ಅಂತ ಕೇಳಿದ್ದೀರಿ. ಅವಳ ತಪ್ಪೇನಿಲ್ಲ ಬಿಡಿ, ಅಂಥವನ್ನು ನಾನೂ ಮುಚ್ಚಿಟ್ಟವನೇ.

ತೇಜಸ್ವಿಯವರ ‘ಕರ್ವಾಲೊ’ ಕೊಟ್ಟು ನೋಡಿ. 1980ರ ಕಾದಂಬರಿ. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೆ ಆ ವಯಸ್ಸಿಗೆ ಚೆನ್ನಾಗಿ ಒಗ್ಗುತ್ತೆ. ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಡುವ ಗುಂಪಿನ ಕಥೆ. ಗುಂಪಾದರೂ ಎಂಥದ್ದು! ವಿಜ್ಞಾನಿ ಕರ್ವಾಲೊ, ತೋಟದ ರಗಳೆಯಲ್ಲಿ ಸಿಕ್ಕಿಬಿದ್ದ ನಿರೂಪಕ, ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ, ಜೊತೆಗೆ ಕಿವಿ ಅನ್ನೋ ನಾಯಿ.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇದೇ ಗುಂಪಿನ ಮಂದಣ್ಣನಲ್ಲಿ. ಊರವರ ಕಣ್ಣಿಗೆ ಅವನು ಜೇನು ಹಿಡಿಯುತ್ತ ಅಲೆಯುವ ಉಂಡಾಡಿ. ಅವನಿಗಿರುವ ಆಸೆಯೂ ದೊಡ್ಡದಲ್ಲ: ಒಂದು ಕೆಲಸ, ಒಂದು ಮದುವೆ. ಕಾಡಿನ ಹುಳಹುಪ್ಪಟೆಯನ್ನು ನೋಡುವ ಅವನ ಕಣ್ಣು ಎಷ್ಟು ಅಪರೂಪದ್ದು ಅಂತ ಗುರುತಿಸೋದು ಕರ್ವಾಲೊ ಒಬ್ಬರೇ. ಅವನಿಗೇ ಅದು ಗೊತ್ತಿಲ್ಲ!

ಕೊನೆಯನ್ನು ನಿಮಗೆ ಮಾತ್ರ ಹೇಳ್ತೀನಿ, ಮಗಳಿಗೆ ಬಿಟ್ಟುಕೊಡಬೇಡಿ. ಅಷ್ಟು ಪಾಡುಪಟ್ಟು ಕಂಡ ಓತಿ ಇವರ ಕೈಗೆ ಸಿಗುವುದಿಲ್ಲ, ಕಣ್ಣೆದುರೇ ಕಣಿವೆಯತ್ತ ತೇಲಿ ಹೋಗುತ್ತೆ. ನನ್ನ ಮಗ ಇದನ್ನೋದಿ ಪುಸ್ತಕ ಮಡಚಿ, ‘ಅಪ್ಪಾ, ಹಂಗಾದ್ರೆ ಸೋತ್ರಾ?’ ಅಂದ. ಊಟದ ತಟ್ಟೆ ಒಣಗುವವರೆಗೂ ಅದೇ ಮಾತು.

ಶುರುವಿನ ಜೇನಿನ ಭಾಗವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ. ನಗು ಬಂದರೆ ಮುಂದಿನದು ಅವಳೇ ಓದ್ಕೋತಾಳೆ.