ಭಾರತ–ಭೂತಾನ್ ಸ್ನೇಹ ಇಷ್ಟು ವರ್ಷ ಹೇಗೆ ಉಳಿದುಕೊಂಡಿದೆ?

1958ರ ಸೆಪ್ಟೆಂಬರಿನಲ್ಲಿ ನೆಹರೂ ಭೂತಾನಿಗೆ ಹೊರಟಾಗ ಅಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲ. ಸಿಕ್ಕಿಂನ ನಾಥು ಲಾ ದಾಟಿ, ಟಿಬೆಟ್‌ನ ಚುಂಬಿ ಕಣಿವೆ ಬಳಸಿಕೊಂಡು, ಮಗಳು ಇಂದಿರಾ ಜೊತೆ ಪಾರೋ ಮುಟ್ಟಿದರು. ಆಗ ಅವರಿಗೆ 68 ವರ್ಷ! ಭೂತಾನ್ ಸ್ವತಂತ್ರ ದೇಶವಾಗಿಯೇ ಉಳಿಯಬೇಕು ಅನ್ನುವುದು ನಮ್ಮ ಆಸೆ ಎಂದು ಅಲ್ಲಿನ ಜನರೆದುರೇ ಹೇಳಿದರು. ದೊರೆ ಜಿಗ್ಮೆ ದೋರ್ಜಿ ವಾಂಗ್ಚುಕ್‌ಗೆ ಬೇಕಿದ್ದ ಮಾತೂ ಅದೇ. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯವರು ಅಲ್ಲಿ ರಸ್ತೆ ಕಡಿಯತೊಡಗಿದರು.

ಆದರೆ ನನ್ನ ಪ್ರಕಾರ ಸ್ನೇಹ ಗಟ್ಟಿಯಾದದ್ದು ಕರೆಂಟಿನಿಂದ. 336 ಮೆಗಾವ್ಯಾಟ್‌ನ ಚುಖಾ ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ 60% ಅನುದಾನ, 40% ಸಾಲ. ಅಲ್ಲಿ ಮಿಕ್ಕ ವಿದ್ಯುತ್ತನ್ನು ಕೊಳ್ಳುವುದೂ ನಾವೇ. ಅವರ ನುಲ್ಟ್ರಂಗೂ ನಮ್ಮ ರೂಪಾಯಿಗೂ ಒಂದೇ ಬೆಲೆ.

ಮುನಿಸೇ ಇರಲಿಲ್ಲ ಅಂತಲ್ಲ. ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂಬ 1949ರ ಒಪ್ಪಂದದ ಕಲಮನ್ನು ಕೈಬಿಟ್ಟದ್ದು 2007ರಲ್ಲಿ. 2013ರಲ್ಲಿ, ಸರಿಯಾಗಿ ಅಲ್ಲಿನ ಚುನಾವಣೆಯ ಹೊತ್ತಿಗೇ, ಭಾರತ ಕೊಡುತ್ತಿದ್ದ ಅಡುಗೆ ಅನಿಲದ ಸಬ್ಸಿಡಿ ನಿಂತು ಥಿಂಪುವಿನ ಅಡುಗೆಮನೆಗಳಿಗೇ ಬಿಸಿ ತಟ್ಟಿತು. ಮರುವರ್ಷ ಪ್ರಧಾನಿಯಾದ ಮೋದಿ ಮೊದಲ ವಿದೇಶ ಪ್ರವಾಸಕ್ಕೆ ಆರಿಸಿಕೊಂಡದ್ದು ಭೂತಾನನ್ನೇ.