ದುಡ್ಡು ಕೊಟ್ಟು ಕೊಂಡ ಇಬುಕ್‌ ಅನ್ನು ಸಾಗರದಲ್ಲಿರುವ ತಂಗಿಗೆ ಕಳಿಸೋಕೆ ಯಾಕೆ ಆಗಲ್ಲ? ಅದು ನನ್ನದೇ ಅಲ್ವಾ?

ಪೂರ್ತಿ ನಿಮ್ಮದಲ್ಲ. ಹೆಚ್ಚಿನ ಅಂಗಡಿಗಳು ನಿಮಗೆ ಮಾರುವುದು ಓದುವ ಅನುಮತಿ ಮಾತ್ರ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಅಚ್ಚಿನ ಪುಸ್ತಕವಾದರೆ ಬಸ್ಸಿನಲ್ಲಿ ಕಳಿಸಬಹುದು, ಮಾರಬಹುದು, ಯಾರೂ ಕೇಳುವುದಿಲ್ಲ. ಇಬುಕ್‌ಗೆ ಡಿಆರ್‌ಎಂ ಎಂಬ ಬೀಗ ಇರುತ್ತದೆ: ಫೈಲನ್ನು ಎನ್‌ಕ್ರಿಪ್ಟ್ ಮಾಡಿ (ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಿ), ಅದರ ಕೀಲಿಯನ್ನು ನಿಮ್ಮ ಖಾತೆಗೋ ಸಾಧನಕ್ಕೋ ಕಟ್ಟಿರುತ್ತಾರೆ, ಹಾಗಾಗಿ ಕಾಪಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೂ ತಂಗಿಯ ಫೋನಿನಲ್ಲಿ ತೆರೆಯುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಅಂಗಡಿ ಮುಚ್ಚಿದಾಗಿನದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇಬುಕ್ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಕೊಟ್ಟರು ನಿಜ, ಆದರೆ ಕೊಂಡಿದ್ದ ಪುಸ್ತಕಗಳು ಹೋದವು. ಇದು ಅನ್ಯಾಯವೇ.

ಬೀಗ ಒಡೆಯೋಣ ಅನ್ನಬೇಡಿ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ ಕಲಂ 65ಎ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಕೊಳ್ಳುವ ಮುಂಚೆ ಡಿಆರ್‌ಎಂ ಇಲ್ಲದ ಇಪಬ್ (ಇಬುಕ್‌ನ ಒಂದು ಫೈಲ್ ರೂಪ) ಅಥವಾ ಪಿಡಿಎಫ್ ಸಿಗುತ್ತದಾ ನೋಡಿ, ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇಡಿ. ಬೀಗವಿರುವ ಪುಸ್ತಕಗಳನ್ನು ಮಳೆಗಾಲಕ್ಕೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ನಮ್ಮ ಕಡೆ ಕರೆಂಟ್, ನೆಟ್‌ವರ್ಕ್ ಎರಡೂ ಒಟ್ಟಿಗೇ ಹೋಗುತ್ತವಲ್ಲ.