ಪೆಟ್ರೋಲ್ ಗಾಡಿಯ ಟಾರ್ಕ್ ಕನ್ವರ್ಟರ್ ಡೀಸೆಲ್ ಇಂಜಿನ್‌ಗೆ ಆಗುತ್ತದಾ?

ಪ್ರಶ್ನೆ: ದೊಡ್ಡಪ್ಪನ ಕಾಲದ 1983ರ ಮರ್ಸಿಡಿಸ್ 230ಇ ನಮ್ಮ ಮನೆಯಲ್ಲಿದೆ. ಆಟೋಮ್ಯಾಟಿಕ್. ಇಂಜಿನ್ ಸೀಜ್ ಆಗಿದೆ. ಅದೇ ಸರಣಿಯ 240ಡಿ ಕಾರಿನ ಡೀಸೆಲ್ ಇಂಜಿನ್ ಒಂದು ಸಿಕ್ಕಿದೆ. ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್ ಹಳೆಯದೇ ಸಾಕು ಅಂತಾರೆ ಮೆಕಾನಿಕ್. ಹೌದಾ?
– ಓದುಗರು, ಕಾಪು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಟಾರ್ಕ್ ಕನ್ವರ್ಟರ್ ಅಂದರೆ ಇಂಜಿನಿನ ತಿರುಗಿಸುವ ಬಲವನ್ನು (ಅದೇ ಟಾರ್ಕ್) ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ.

ಬ್ರೇಕ್ ಗಟ್ಟಿಯಾಗಿ ಒತ್ತಿ, ಗೇರ್ ಡಿಯಲ್ಲಿಟ್ಟು, ಆಕ್ಸಿಲರೇಟರ್ ಪೂರ್ತಿ ತುಳಿದರೆ ಇಂಜಿನ್ ಒಂದು ಆರ್‌ಪಿಎಂವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದೇ ಸ್ಟಾಲ್ ಸ್ಪೀಡ್. ಕನ್ವರ್ಟರ್ ಅದೇ ಇದ್ದರೂ ಇಂಜಿನ್ ಬದಲಾದರೆ ಈ ಅಂಕಿ ಬದಲಾಗುತ್ತದೆ, ಟಾರ್ಕಿನ ವರ್ಗಮೂಲದ ಲೆಕ್ಕದಲ್ಲಿ. 230ಇ ಇಂಜಿನಿನ ಗರಿಷ್ಠ ಟಾರ್ಕ್ 205 ನ್ಯೂಟನ್ ಮೀಟರ್, 240ಡಿಯದ್ದು 137. ಪೆಟ್ರೋಲಿನಲ್ಲಿ ಸ್ಟಾಲ್ 2000 ಇತ್ತು ಅಂತ ಇಟ್ಟುಕೊಳ್ಳಿ. ಡೀಸೆಲ್ ಹಾಕಿದ ಮೇಲೆ ಅದು ಸುಮಾರು 1635ಕ್ಕೆ ಇಳಿಯುತ್ತದೆ. ಆ ಡೀಸೆಲ್ ಇಂಜಿನಿಗೆ ಪೂರ್ತಿ ಬಲ ಬರುವುದು 2400ರಲ್ಲಿ!

ಇದರ ಕಷ್ಟ ಗೊತ್ತಾಗುವುದು ಆಗುಂಬೆ ಘಾಟಿಯಲ್ಲಿ. 14 ಹೇರ್‌ಪಿನ್ ತಿರುವು. ಎದುರಿಂದ ಬಸ್ ಬಂತು, ನೀವು ತಿರುವಿನಲ್ಲೇ ನಿಂತಿರಿ. ಮತ್ತೆ ಹೊರಡುವಾಗ ಇಂಜಿನ್ ಮೇಲೇಳುವುದೇ ಇಲ್ಲ, ಕಾರು ತಿಣುಕುತ್ತದೆ. ಊರೊಳಗೂ ಸುಖ ಇಲ್ಲ. ಸಿಗ್ನಲ್‌ನಲ್ಲಿ ಡಿಯಲ್ಲೇ ನಿಲ್ಲಿಸಿದರೆ ಇಡೀ ಗಾಡಿ ನಡುಗುತ್ತದೆ. ಹಾಗಂತ ಜಾಸ್ತಿ ಸ್ಟಾಲ್ ಇರುವ ಕನ್ವರ್ಟರ್ ಸುಮ್ನೆ ತಂದು ಹಾಕಿದರೂ ತಪ್ಪೇ. ಅದು ಜಾರಿ ಜಾರಿ ಗೇರ್‌ಬಾಕ್ಸಿನ ಆಯಿಲ್ ಕಾಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಸುಟ್ಟ ವಾಸನೆ ಬರುತ್ತದೆ.

ಆಟೋಮ್ಯಾಟಿಕ್ 240ಡಿಯ ಕನ್ವರ್ಟರ್, ಫ್ಲೆಕ್ಸ್ ಪ್ಲೇಟ್ (ಇಂಜಿನಿಗೆ ಕನ್ವರ್ಟರನ್ನು ಜೋಡಿಸುವ ತೆಳು ತಟ್ಟೆ), ಗೇರ್‌ಬಾಕ್ಸ್ ಒಟ್ಟಿಗೇ ಹುಡುಕಿ. ಪೆಟ್ರೋಲ್ ಗೇರ್‌ಬಾಕ್ಸ್ ಇನ್‌ಟೇಕಿನ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವಾಗ ಆಗುವ ನಿರ್ವಾತ) ನೋಡಿ ಗೇರ್ ಬದಲಿಸುತ್ತದೆ. ಡೀಸೆಲ್‌ನಲ್ಲಿ ಆ ವ್ಯಾಕ್ಯೂಮ್ ಸಿಗುವುದಿಲ್ಲ, ಅದಕ್ಕೆ ಬೇರೆ ಪಂಪು, ವಾಲ್ವು ಬೇಕು. ನನ್ನನ್ನೇ ಕೇಳಿದರೆ, ಬ್ಲಾಕ್ ಒಡೆದಿಲ್ಲ ಅಂತಾದರೆ ಹಳೆಯ ಪೆಟ್ರೋಲ್ ಇಂಜಿನನ್ನೇ ಬೋರ್ ಮಾಡಿಸಿ ಎಬ್ಬಿಸಿ. ದೊಡ್ಡಪ್ಪ ಓಡಿಸಿದ ಗಾಡಿ ಹಾಗೇ ಉಳಿಯಲಿ ಅಂತ ನನಗೆ ಆಸೆ.

ಡೀಸೆಲ್ಲೇ ಬೇಕು ಅಂದರೆ ಮೊದಲು ಆರ್‌ಟಿಓ ಒಪ್ಪಿಗೆ ಪಡೆಯಿರಿ. ಇಂಜಿನ್ ನಂಬರ್ ಜೊತೆ ಇಂಧನವೂ ಬದಲಾಗುತ್ತದೆ. ಒಪ್ಪಿಗೆ ಸಿಗದೆಯೂ ಇರಬಹುದು, ಆದ್ದರಿಂದ ಅದಕ್ಕೂ ಮುಂಚೆ ಸಾಮಾನಿಗೆ ದುಡ್ಡು ಕೊಡಬೇಡಿ.

ಜೋಡಿಸುವ ದಿನ ಗ್ಯಾರೇಜಿನಲ್ಲಿ ನೀವೇ ನಿಂತು ನೋಡಿ. ಕನ್ವರ್ಟರನ್ನು ಕೈಯಲ್ಲಿ ತಿರುಗಿಸ್ತಾ ಗೇರ್‌ಬಾಕ್ಸಿನ ಒಳಗೆ ತಳ್ಳಿದಾಗ ಅದು ಟಕ್, ಟಕ್ ಅಂತ ಹಂತ ಹಂತವಾಗಿ ಕೂರುತ್ತದೆ. ಕೊನೆಯ ಟಕ್ ಆಗದಿದ್ದರೆ ಆಯಿಲ್ ಪಂಪಿನ ಹಲ್ಲಿಗೆ ಸಿಕ್ಕಿಲ್ಲ ಅಂತ ಅರ್ಥ. ಗೇರ್‌ಬಾಕ್ಸನ್ನು ಇಂಜಿನಿಗೆ ಕೂಡಿಸಿದ ಮೇಲೆ ಕನ್ವರ್ಟರ್‌ಗೂ ಫ್ಲೆಕ್ಸ್ ಪ್ಲೇಟಿಗೂ ನಡುವೆ ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಸಂದು ಉಳಿಯಬೇಕು, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಸಂದು ಇಲ್ಲದಿದ್ದರೂ ಬೋಲ್ಟ್ ಬಿಗಿದು ಎಳೆದರೆ ಪಂಪು ಅಲ್ಲೇ ಒಡೆಯುತ್ತದೆ. ಸಂದು ಕಾಣದಿದ್ದರೆ ಬಿಗಿಯಬೇಡಿ, ಬಿಚ್ಚಿ ಮತ್ತೆ ಕೂರಿಸಿ ಅಂತ ಮೆಕಾನಿಕ್‌ಗೆ ಹೇಳಿ.